ಬಾಡಿಗೆದಾರರು ಕೊಡಿಸಿದ ಮನೆ

ಮುಂಬಯಿಯ ಕನ್ನಡಿಗರಾದ ನಮಗೆ ಒಂದು ದುರಭ್ಯಾಸವಿದೆ. ನಾಲ್ಕು ಜನರ ನಡುವೆ ನಿಂತು ಮನೆಯ ಗುಟ್ಟನ್ನೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಆಡಿಬಿಡುವುದು. ತರಕಾರಿಯವನ ಎದುರಿಗೇ ‘ಬೀನ್ಸ್ ಬಲಿತುಹೋಗಿದೆ, ಸುಮ್ಮನೆ ರೇಟು ಕೇಳಿ ಮುಂದಿನ ಗಾಡಿಗೆ ಹೋಗೋಣ’ ಎನ್ನುತ್ತೇವೆ. ಲಿಫ್ಟಿನಲ್ಲಿ ಪಕ್ಕದವರ ಸೆಂಟಿನ ವಾಸನೆಯ ಬಗ್ಗೆ ಅವರಿಗೆ ಕೇಳುವಂತೆಯೇ ಅಭಿಪ್ರಾಯ ಕೊಡುತ್ತೇವೆ. ಲೋಕಲ್ಲಿನಲ್ಲಿ ಒಮ್ಮೆ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಎದುರು ಕುಳಿತವರ ತಲೆಗೂದಲು ಸ್ವಂತದ್ದೋ ಕೊಂಡದ್ದೋ ಎಂದು ಕುರ್ಲಾದಿಂದ ದಾದರಿನವರೆಗೆ ಚರ್ಚೆ ಮಾಡಿದ್ದೆವು. ದಾದರ್ ಬಂದಾಗ ಆ ಮಹನೀಯರು ಎದ್ದು, ‘ಕೊಂಡದ್ದೇ. ಸ್ವಲ್ಪ ಕಾಲು ತೆಗೀರಿ’ ಎಂದು ಹೇಳಿ ಇಳಿದುಹೋದರು. ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಎಂಟನೆಯ ದಿನ ಮತ್ತೆ ಶುರುವಾಯಿತು.

ನಿಮಗೂ ಈ ಅಭ್ಯಾಸ ಇದ್ದರೆ ಬಿಟ್ಟುಬಿಡಿ ಎಂದು ನಾನಂತೂ ಹೇಳಲಾರೆ. ಮಲಾಡಿನಲ್ಲಿ ನನ್ನ ಹೆಸರಿಗೆ ಒಂದು ಕೋಣೆ, ಒಂದು ಅಡುಗೆಮನೆ ಇರುವುದು ಈ ಅಭ್ಯಾಸದ ದೆಸೆಯಿಂದಲೇ. ಬಾಡಿಗೆಗೆ ಕೊಡಲೆಂದು ಮನೆ ಕೊಂಡವರು ತಮ್ಮ ಕಥೆಯನ್ನು ಜಾಣತನದ ಕಥೆಯಾಗಿ ಹೇಳಿಕೊಳ್ಳುತ್ತಾರೆ. ನನ್ನದರಲ್ಲಿ ಆ ಭಾಗ ಬಹಳ ಕಡಿಮೆ.

ನಾನು ಕೃಷ್ಣರಾಜನಗರದ ಕಡೆಯವನು. ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಸಾಮಾನು ಒಳಗೆ ಬಂದರೆ ಒಂದು ಚೀಟಿ, ಹೊರಗೆ ಹೋದರೆ ಒಂದು ಚೀಟಿ, ಇದೇ ನನ್ನ ಉದ್ಯೋಗ. ವಾಸಕ್ಕೆ ಕಂಪನಿಯ ಕ್ವಾರ್ಟರ್ಸು. ಅಲ್ಲಿ ಮರಗಳಿವೆ, ನೀರು ಎರಡು ಹೊತ್ತೂ ಬರುತ್ತದೆ, ಬಾಡಿಗೆ ಎಂದು ಸಂಬಳದಲ್ಲಿ ಹಿಡಿಯುವುದು ನಾಚಿಕೆಯಾಗುವಷ್ಟು ಕಡಿಮೆ. ಒಂದೇ ತೊಂದರೆಯೆಂದರೆ ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಮನೆಯ ಬೀಗದ ಕೈ ವಾಪಸು ಇಸಿದುಕೊಳ್ಳುತ್ತಾರೆ. ನನ್ನ ಹೆಂಡತಿ ವನಜ ಯಾರ ಬೀಳ್ಕೊಡುಗೆಗೆ ಹೋಗಿ ಬಂದರೂ ಅವತ್ತು ಊಟ ಬಡಿಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಆಮೇಲೆ ನಾವೆಲ್ಲಿಗ್ರೀ ಹೋಗೋದು?” ನಾನು ಮಜ್ಜಿಗೆ ಹಾಕು ಎನ್ನುತ್ತಿದ್ದೆ.

ಉತ್ತರ ಕೊಡಲು ಹೆದರುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ತಾತ ಊರಿನ ಮನೆಯನ್ನು ಭೋಗ್ಯಕ್ಕೆ ಹಾಕಿದ್ದರು. ಭೋಗ್ಯವೆಂದರೆ ನಿಮಗೆ ಗೊತ್ತಲ್ಲ, ಹಣ ಕೊಟ್ಟವರು ಬಾಡಿಗೆ ಕೊಡದೆ ಮನೆಯಲ್ಲಿರುತ್ತಾರೆ, ಹಣ ವಾಪಸು ಬಂದ ದಿನ ಬಿಟ್ಟುಹೋಗುತ್ತಾರೆ. ತಾತನಿಗೆ ಆ ಹಣ ಹೊಂದಿಸಲು ಆಗಲೇ ಇಲ್ಲ. ಕೊನೆಗೆ ಮನೆಯನ್ನು ಅವರಿಗೇ ಬರೆದುಕೊಟ್ಟು ನಾವು ಅದೇ ಬೀದಿಯಲ್ಲಿ ಬಾಡಿಗೆಗೆ ಇದ್ದೆವು. ಆ ಬಾಡಿಗೆ ಮನೆಯ ಯಜಮಾನರಿಗೆ ಗೋಡೆಗೆ ಮೊಳೆ ಹೊಡೆದರೆ ಆಗುತ್ತಿರಲಿಲ್ಲ. ನಮ್ಮ ದೇವರ ಪಟಗಳೆಲ್ಲ ಗೂಡಿನಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ಕ್ಯಾಲೆಂಡರು ಕಿಟಕಿಯ ಸರಳಿಗೆ, ಅಪ್ಪನ ಅಂಗಿ ಬಾಗಿಲ ಚಿಲಕಕ್ಕೆ. ಬಾಗಿಲು ಹಾಕಬೇಕೆಂದರೆ ಮೊದಲು ಅಂಗಿ ತೆಗೆಯಬೇಕು. ದಾರಿಯಲ್ಲಿ ತಾತ ಕಟ್ಟಿಸಿದ ಮನೆ ಸಿಕ್ಕಾಗ ಅಮ್ಮ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದಳು. ಹಾಗಾಗಿ ಮನೆ, ಸಾಲ, ಕಾಗದಪತ್ರ ಎಂದರೆ ನಾನು ಚಿಕ್ಕಂದಿನಿಂದಲೂ ದೂರ.

ಧೈರ್ಯ ತುಂಬಿದವರು ಆಫೀಸಿನ ಹೊಸ ಹುಡುಗರು. ಕ್ಯಾಂಟೀನಿನಲ್ಲಿ ಕೂತು ಮೊಬೈಲಿನಲ್ಲೇ ಲೆಕ್ಕ ಮಾಡಿ ತೋರಿಸಿದರು. ಸರ್, ನಿಮಗೆ ಕ್ವಾರ್ಟರ್ಸ್ ಇದೆ, ಒಂದು ಸಣ್ಣ ಫ್ಲ್ಯಾಟ್ ತಗೊಳ್ಳಿ, ಬಾಡಿಗೆಗೆ ಬಿಡಿ, ಅರ್ಧ ಸಾಲ ಬಾಡಿಗೆಯೇ ಕಟ್ಟುತ್ತದೆ, ರಿಟೈರ್ ಆದ ದಿನ ಹೋಗಿ ಕೂತುಕೊಳ್ಳಿ. ಇದಕ್ಕೆ ರೆಂಟಲ್ ಇನ್ವೆಸ್ಟ್‌ಮೆಂಟ್ ಎನ್ನುತ್ತಾರೆಂದೂ ಹೇಳಿದರು. ಆ ಹೆಸರು ಕೇಳಿದ ಮೇಲೆ ನನ್ನ ನಡಿಗೆಯೇ ಸ್ವಲ್ಪ ಬದಲಾಗಿತ್ತೆಂದು ವನಜ ಈಗಲೂ ಹೇಳುತ್ತಾಳೆ.

ಮಲಾಡಿನಲ್ಲಿ ಒಂದು ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಏಜೆಂಟ್ ಒಂದು ಮನೆ ತೋರಿಸಿದ. ಲಿಫ್ಟ್ ಇಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಹೊರಗೆ ಒಂದು ಕಾಡುಬಾದಾಮಿ ಮರ. ವನಜ ಅಡುಗೆಮನೆಯ ಕಟ್ಟೆಯ ಮೇಲೆ ಕೈಯಿಟ್ಟು ಎತ್ತರ ನೋಡಿ, “ಇದು ಸಾಕು ಕಣ್ರೀ” ಎಂದಳು. ಟೋಕನ್ ಹಣ ಕೊಟ್ಟವಳೂ ಅವಳೇ. ಇಪ್ಪತ್ತು ವರ್ಷದಿಂದ ಅವಳು ಹುಳಿಪುಡಿ, ಸಾರಿನಪುಡಿ ಮಾಡಿ ಘಾಟ್ಕೋಪರದಿಂದ ಮುಲುಂಡಿನವರೆಗೆ ಕನ್ನಡದವರ ಮನೆಗಳಿಗೆ ಕೊಡುತ್ತಾಳೆ. ಆ ಪುಡಿಯ ಘಾಟಿಗೆ ಸೀನಿ ಸೀನಿ ಕೂಡಿಸಿದ ಹಣ ಅದು. ನಲವತ್ತೈದು ದಿನದೊಳಗೆ ಉಳಿದದ್ದು ಕೊಡದಿದ್ದರೆ ಟೋಕನ್ ಹೋಯಿತು, ಮನೆಯೂ ಹೋಯಿತು ಎಂದು ಕರಾರಾಯಿತು.

ಬ್ಯಾಂಕಿನಿಂದ ಮನೆಯ ಬೆಲೆ ಕಟ್ಟಲು ಒಬ್ಬರು ಬಂದರು. ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು, ಮೆಟ್ಟಿಲ ಕೆಳಗಿನ ಬಿರುಕಿನ ಫೋಟೋ ತೆಗೆದರು, ನನ್ನ ವಯಸ್ಸು ಕೇಳಿ ನನ್ನನ್ನೂ ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಬಿಲ್ಡಿಂಗಿಗೂ ವಯಸ್ಸಾಗಿದೆ, ಸಾಲಗಾರನಿಗೂ ವಯಸ್ಸಾಗಿದೆ ಎಂದು ಬ್ಯಾಂಕು ನಾವು ಎಣಿಸಿದ್ದಕ್ಕಿಂತ ಕಡಿಮೆ ಸಾಲ ಕೊಟ್ಟಿತು. ಪಿ.ಎಫ್. ತೆಗೆದು, ಇದ್ದಬದ್ದದ್ದೆಲ್ಲ ಬಾಚಿ ಹಾಕಿದರೂ ಏಳು ಲಕ್ಷ ಕಡಿಮೆ ಬಿತ್ತು. ಗಡುವಿಗೆ ಇನ್ನು ಹದಿನಾರು ದಿನ.

ಇಂಥ ಹೊತ್ತಿನಲ್ಲಿ ಸೋಫಾ ರಿಪೇರಿಗೆ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳಬಹುದು. ಮನೆಗೆ ಹಣ ಕೂಡಿಸುವಾಗ ಹೊಸ ಸೋಫಾ ಕೊಳ್ಳುವುದು ಕನಸೆಂದು ಗೊತ್ತಾದ ಮೇಲೆ ಹಳೆಯದಕ್ಕಾದರೂ ಹೊಸ ಬಟ್ಟೆ ಹಾಕಿಸೋಣವೆಂದು ವನಜ ತಿಂಗಳ ಮುಂಚೆಯೇ ಒಬ್ಬರಿಗೆ ಹೇಳಿದ್ದಳು. ಅವರು ಸರಿಯಾಗಿ ಆ ವಾರವೇ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ತೆಳ್ಳಗೆ, ನರೆತ ಗಡ್ಡ, ಕಿವಿಯ ಹಿಂದೆ ಪೆನ್ಸಿಲ್ಲು. ಹೆಸರು ಮಕ್ತುಂಭಾಯಿ ಎಂದರು. ಗೋರೆಗಾಂವ್‌ನಲ್ಲಿ ಸೀರಿಯಲ್ಲುಗಳ ಸೆಟ್ಟಿಗೆ ಸೋಫಾ ಹೊಲಿಯುವುದು ಅವರ ಮುಖ್ಯ ಕೆಲಸ. ಟೀವಿಯಲ್ಲಿ ಅತ್ತೆ ಕೂತು ಸೊಸೆಯನ್ನು ಬಯ್ಯುವ ಸೋಫಾಗಳೆಲ್ಲ ಅವರ ಕೈಯಲ್ಲೇ ಆದವು. ಶೂಟಿಂಗ್ ಇಲ್ಲದ ದಿನಗಳಲ್ಲಿ ಹೀಗೆ ಮನೆಗಳಿಗೆ ಬರುತ್ತಿದ್ದರು. ನಾನು ನನ್ನ ಮೈಸೂರು ಹಿಂದಿಯಲ್ಲಿ ರೇಟು ಮಾತಾಡಿದೆ. ಹಾಲಿನಲ್ಲಿ ಚಾಪೆ ಹಾಸಿ ಕೂತು ಅವರು ಎರಡು ದಿನ ಕೆಲಸ ಮಾಡಿದರು. ಸಣ್ಣ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಹೊಡೆಯುವುದು ಅವರ ಪದ್ಧತಿ. ಮಾತಿಗೆ ಅವಕಾಶವೇ ಇಲ್ಲ. ನಾನು ರಜೆ ಹಾಕಿ ಫೋನು ಮಾಡುತ್ತಾ ಕೂತಿದ್ದೆ. ಅವರ ತಲೆಯ ಮೇಲಿಂದ ನಮ್ಮ ಸಂಸಾರವೆಲ್ಲ ಕನ್ನಡದಲ್ಲಿ ಹರಿಯಿತು.

ಮೊದಲು ಇಡ್ಲಿಯ ವಿಷಯ. “ಪಾಪ, ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ಸತ್ತೆ. ಎರಡು ಇಡ್ಲಿ ಕೊಡ್ಲಾ?” ಎಂದಳು ವನಜ.

“ಬೇಡ. ಹೊಟ್ಟೆ ತುಂಬಿದ್ರೆ ಕೆಲಸ ನಿಧಾನ ಮಾಡ್ತಾನೆ” ಎಂದೆ ನಾನು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ವನಜ ನನ್ನ ಮಾತಿಗೆ ಬೆಲೆ ಕೊಡದೆ ನಾಲ್ಕು ಇಡ್ಲಿ ಕೊಟ್ಟಳು.

ಎರಡನೆಯ ದಿನ ಏಜೆಂಟಿನ ಫೋನು ಬಂತು. ಅವನು ಒಂದು ಉಪಾಯ ಹೇಳಿದ. ಮುಂಬಯಿಯಲ್ಲಿ ಹೆವಿ ಡಿಪಾಜಿಟ್ ಎಂದು ಒಂದು ಪದ್ಧತಿ. ಬಾಡಿಗೆದಾರ ಒಂದೇ ಸಲ ದೊಡ್ಡ ಮೊತ್ತ ಕೊಡುತ್ತಾನೆ, ತಿಂಗಳ ಬಾಡಿಗೆ ಇಲ್ಲ, ಬಿಟ್ಟುಹೋಗುವಾಗ ಪೂರ್ತಿ ವಾಪಸು. ನಮ್ಮ ಭೋಗ್ಯವೇ ಪ್ಯಾಂಟು ಹಾಕಿಕೊಂಡು ಬಂದಿತ್ತು. ಮನೆ ನನ್ನ ಕೈಗೆ ಬರುವ ಮೊದಲೇ ಹಾಗೆ ಕೊಡುವವರು ಯಾರು ಎಂದು ಕೇಳಿದೆ. ಅದಕ್ಕೂ ಅವನಲ್ಲಿ ದಾರಿಯಿತ್ತು. ಇಬ್ಬರಿಗೆ ಮನೆ ತೋರಿಸಿ ಇಬ್ಬರಿಂದಲೂ ಅರ್ಧರ್ಧ ಅಡ್ವಾನ್ಸ್ ತಗೊಳ್ಳೋಣ, ಮನೆ ನಿಮ್ಮ ಹೆಸರಿಗಾದ ಮೇಲೆ ಒಬ್ಬರಿಗೆ ಏನೋ ನೆಪ ಹೇಳಿ ನಿಧಾನಕ್ಕೆ ಹಿಂದಿರುಗಿಸೋಣ. “ಟೆನ್ಶನ್ ನಹೀ ಲೇನೇಕಾ ಸರ್, ಸಬ್ ಕರ್ತೇ ಹೈ” ಎಂದ. ಚಿಂತೆ ಬೇಡ, ಎಲ್ಲರೂ ಮಾಡುವುದೇ ಎಂದು. ನಾನು ಫೋನಿಟ್ಟು ವನಜಳಿಗೆ ಒಂದು ಅಕ್ಷರ ಬಿಡದೆ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ವನಜ ಪುಡಿ ಕುಟ್ಟುವ ಒರಳಿನ ಮುಂದಿನಿಂದ ಎದ್ದು ನಿಂತಳು. “ಒಂದು ಮನೆಗೆ ಇಬ್ಬರ ಹತ್ರ ದುಡ್ಡು ಇಸ್ಕೊಳ್ಳೋದಾ? ಅದರಲ್ಲಿ ಒಬ್ಬರು ಮಕ್ಕಳು ಮರಿ ಕಟ್ಟಿಕೊಂಡು ಸಾಮಾನು ಹೊತ್ತು ಬಂದು ಬಾಗಿಲಲ್ಲಿ ನಿಂತರೆ ಏನು ಹೇಳ್ತೀರಿ? ಟೋಕನ್ ಹೋದ್ರೆ ಹೋಗ್ಲಿ ಬಿಡಿ. ಇನ್ನಷ್ಟು ಪುಡಿ ಕುಟ್ತೀನಿ.”

ನಾನು ಸುಮ್ಮನಾದೆ. ಹಾಲಿನಲ್ಲಿ ಸುತ್ತಿಗೆಯ ಸದ್ದೂ ನಿಂತಿತ್ತು. ಮಕ್ತುಂಭಾಯಿ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ತೆಗೆದು, ಒಂದು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಗಂಟಲು ಸರಿಮಾಡಿಕೊಂಡರು.

“ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಆ ಮಲಾಡ್ ಮನಿ ನೀರಿಂದು ಹ್ಯಾಂಗ ಅದರಿ?”

ನಾನೂ ವನಜಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ದಿನದಲ್ಲಿ ಆಡಿದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ಇಡ್ಲಿಯದು ಎಲ್ಲಕ್ಕಿಂತ ಮುಂದೆ ಬಂದು ನಿಂತಿತು.

“ನಿಮಗೆ ಕನ್ನಡ ಬರತ್ತಾ?” ಎಂದು ಕೇಳಿದೆ. ಇದಕ್ಕಿಂತ ದಡ್ಡ ಪ್ರಶ್ನೆಯನ್ನು ನಾನು ಆಯುಷ್ಯದಲ್ಲಿ ಕೇಳಿಲ್ಲ.

“ವಿಜಾಪುರದಾವ್ರಿ ನಾ. ನಿನ್ನೇನ ಹೇಳ್ಬೇಕಂದ್ನಿ. ಬಾಯ್ತುಂಬ ಮೊಳಿ ಇದ್ದವ್ರಿ. ತಗದು ಹೇಳೂದ್ರಾಗ ನೀವು ಮುಂದಿನ ಮಾತಿಗಿ ಹೋಗಿಬಿಟ್ಟಿರತಿದ್ರಿ.” ಆಮೇಲೆ ವನಜಳ ಕಡೆ ತಿರುಗಿ, “ಇಡ್ಲಿ ಭಾಳ ಚೊಲೊ ಆಗಿದ್ವ್ರಿ ಅಕ್ಕಾರ” ಎಂದರು. ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

ಅವರು ಹೇಳಿದ್ದು ಇಷ್ಟು. ಹದಿನಾಲ್ಕನೆಯ ವಯಸ್ಸಿಗೆ ಮಾವನ ಜೊತೆ ಮುಂಬಯಿಗೆ ಬಂದವರು. ಮೊದಲು ವರ್ಕ್‌ಶಾಪಿನ ಸೋಫಾಗಳ ಮೇಲೆಯೇ ಮಲಗುತ್ತಿದ್ದರಂತೆ, ಮದುವೆಯಾದ ಮೇಲೆ ಬಾಡಿಗೆ ಮನೆಗಳು, ಇಲ್ಲಿಯವರೆಗೆ ಹದಿನೇಳು. ಇಲ್ಲಿನ ಕರಾರು ಹನ್ನೊಂದು ತಿಂಗಳದ್ದು. ಹಲವು ಮಾಲಕರು ಮುಂದುವರಿಸುವುದಿಲ್ಲ. ಮಗಳು ನಾಜ್ನೀನ್ ಮಲಾಡಿನಲ್ಲಿ ಕಾಲೇಜಿಗೆ ಸೇರಿದ್ದಳು. ಅಲ್ಲೇ ಸುತ್ತಮುತ್ತ ಮನೆ ಹುಡುಕುತ್ತಿದ್ದರು. ತಮ್ಮದೇ ಒಂದು ಮನೆ ಕೊಳ್ಳಬೇಕೆಂದು ಇಪ್ಪತ್ತೈದು ವರ್ಷ ಕೂಡಿಟ್ಟ ಹಣವಿತ್ತು. ಅದಕ್ಕೆ ಮುಂಬಯಿಯಲ್ಲಿ ಒಂದು ಬಚ್ಚಲುಮನೆಯೂ ಬರುತ್ತಿರಲಿಲ್ಲ.

“ಎಲ್ಲಾ ಕಡೆ ಮನಿ ತೋರಿಸ್ತಾರ್ರಿ. ಪಸಂದ್ ಬಂತು ಅಂದಮ್ಯಾಲೆ ಹೆಸರು ಕೇಳ್ತಾರ. ಹೆಸರು ಹೇಳಿದ್ಮ್ಯಾಲೆ ಆ ಮನಿ ಬ್ಯಾರೇದವ್ರಿಗೆ ಆಗಿರ್ತದ” ಎಂದು ನಕ್ಕರು. “ನೀವು ಹೂಂ ಅಂದ್ರ ನನ್ನ ಏಳು ಲಕ್ಷ ನಿಮ್ಮ ಮನ್ಯಾಗ ಇರಲ್ರಿ. ನನ್ನ ಮನಿ ಆಗೂ ಟೈಮಿಗಿ ತಿರುಗಿ ಕೊಟ್ರ ಆತು. ಅಷ್ಟ ನೆಪ್ಪಿಟ್ಕೋರಿ. ಅದ ನಮ್ಮ ಮನಿ ರೊಕ್ಕ.”

“ನಾನು ಯಾರು ಏನು ಅಂತ ವಿಚಾರಿಸೋದು ಬೇಡ್ವಾ?” ಎಂದೆ.

“ಬ್ಯಾಂಕ್‌ನವ್ರು ನಿಮ್ಮ ಕಾಗದ ನೋಡ್ಯಾರ್ರಿ. ನಾ ಎರಡು ದಿನ ನಿಮ್ಮ ಮಾತ ಕೇಳೀನಿ. ಯಾರಿಗೂ ತಿಳ್ಯಾಂಗಿಲ್ಲ ಅಂತ ಮನ್ಯಾಗ ಆಡೂ ಮಾತ ಕೇಳಿದ್ಮ್ಯಾಲೆ ಮತ್ತೇನು ತಪಾಸ ಮಾಡೂದದ? ಅಕ್ಕಾರು ಬ್ಯಾಡ ಅಂದ್ರು, ನೀವು ಸುಮ್ಮಾದ್ರಿ. ಮುಗೀತಲ್ಲ.”

ಮರುದಿನ ಹೆಂಡತಿ ರಶೀದಾ ಅವರನ್ನೂ ಕರೆದುಕೊಂಡು ಚೆಕ್ಕು ತಂದರು. ಅಗ್ರಿಮೆಂಟ್ ಮಾಡಿಸೋಣ ಎಂದೆ. ಮನೆಯೇ ಇನ್ನೂ ನಿಮ್ಮದಾಗಿಲ್ಲ, ನಾನು ನಿಮ್ಮ ಬಾಡಿಗೆದಾರನೂ ಅಲ್ಲ, ಅದರಲ್ಲಿ ಏನೆಂದು ಬರೆಯುತ್ತೀರಿ ಎಂದು ಅವರು ಕೇಳಿದರು. ಚೀಟಿಯಿಲ್ಲದೆ ಒಂದು ವಾಷರನ್ನೂ ಒಳಗೆ ತೆಗೆದುಕೊಳ್ಳದ ನಾನು ಏಳು ಲಕ್ಷವನ್ನು ಹಾಗೇ ತೆಗೆದುಕೊಳ್ಳುವುದು ಹೇಗೆ? ಪುಡಿಯ ಲೆಕ್ಕ ಬರೆಯುವ ವನಜಳ ನೋಟುಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿ ಕೊಟ್ಟೆವು. ಮಕ್ತುಂಸಾಹೇಬರು ಅದನ್ನು ಓದದೆ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತಿನಿಂದ ನನ್ನ ಬಾಯಲ್ಲಿ ಅವರು ಭಾಯಿ ಹೋಗಿ ಸಾಹೇಬರಾದರು. ಗಡುವಿಗೆ ಹತ್ತು ದಿನ ಮುಂಚೆಯೇ ಮನೆ ನಮ್ಮ ಹೆಸರಿಗಾಯಿತು.

ಸೊಸೈಟಿಯ ಸೆಕ್ರೆಟರಿ ಬಾಡಿಗೆದಾರರ ಫಾರ್ಮಿನಲ್ಲಿ ಹೆಸರು ನೋಡಿ ಪೆನ್ನನ್ನು ಬೆರಳಲ್ಲಿ ತಿರುಗಿಸತೊಡಗಿದರು. ಕಮಿಟಿಯಲ್ಲಿ ಕೇಳಬೇಕು, ಜನ ಏನೆನ್ನುತ್ತಾರೋ ಎಂದರು. ನಾನು ಇಂಥ ಕಡೆ ಹಲ್ಲು ಕಿರಿದು ಎದ್ದುಬರುವ ಜಾತಿ. ಅವತ್ತು ಮಾತ್ರ ಅದೆಲ್ಲಿಂದಲೋ ದನಿ ಬಂತು. ಈ ಮನೆಯ ಹಳೆಯ ಮಾಲಕ ಉಳಿಸಿಹೋದ ಮೇಂಟೆನೆನ್ಸ್ ಬಾಕಿಯನ್ನು ನಾನು ಕಟ್ಟಿದ್ದೇನೆ, ಕಟ್ಟಲು ಸಾಧ್ಯವಾದದ್ದು ಇವರಿಂದ, ಇವರು ಬೇಡವೆಂದರೆ ಆ ಹಣವೂ ಬೇಡವೆಂದು ಬರೆದುಕೊಡಿ ಎಂದೆ. ಸೆಕ್ರೆಟರಿ ನನ್ನನ್ನು ಒಂದು ನಿಮಿಷ ನೋಡಿ ಸಹಿ ಹಾಕಿದರು. ಎರಡು ತಿಂಗಳಲ್ಲಿ ಸೊಸೈಟಿ ಆಫೀಸಿನ ಹರಿದ ಕುರ್ಚಿಗಳಿಗೆಲ್ಲ ಮಕ್ತುಂಸಾಹೇಬರು ಹೊಸ ಸೀಟು ಹಾಕಿಕೊಟ್ಟರು. ಆಮೇಲೆ ಸೆಕ್ರೆಟರಿ ಹಬ್ಬಕ್ಕೆ ಅವರ ಮನೆಯ ಶೀರ್‌ಖುರ್ಮಾ ಪಾಯಸಕ್ಕೆ ಪಾತ್ರೆ ಕಳಿಸುವಷ್ಟು ಬದಲಾದರು.

ಮಾಲಕನಾಗಿ ನಾನು ಮೊದಲ ಸಲ ಹೋದದ್ದು ಒಂದು ಭಾನುವಾರ. ಬೆಲ್ಲು ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನಾಜ್ನೀನ್ ಬಾಗಿಲು ತೆಗೆದಳು. “ಅಂಕಲ್, ಅಬ್ಬಾ ನಮಾಜ್‌ಗೆ... ಗಯೇ ಹೈ. ನೀವು ಬನ್ನಿ, ಬೈಠೋ” ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಅರ್ಧ ದಾರಿಯಲ್ಲಿ ಹಿಂದಿ ಹತ್ತುತ್ತದೆ. ನಾನು ಒಳಗೆ ಬರಬಹುದೇ ಎಂದು ಮತ್ತೊಮ್ಮೆ ಕೇಳಿ, ಚಪ್ಪಲಿ ಮೆಟ್ಟಿಲ ಬಳಿಯೇ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತೆ. ರಶೀದಾ ಅವರು ಚಾ ಕೊಟ್ಟು, ಸಂಕೋಚದಿಂದ, ಗಡಿಯಾರಕ್ಕೆ ಒಂದೇ ಒಂದು ಮೊಳೆ ಹೊಡೆಯಬಹುದೇ ಎಂದು ಕೇಳಿದರು. ನಾನು ಕೆಳಗಿಳಿದು ಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪೊಟ್ಟಣ ಮೊಳೆ ತಂದುಕೊಟ್ಟೆ. ಅವರು ಒಂದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ನನ್ನ ಕೈಗೇ ಕೊಟ್ಟರು.

ಹೀಗೆ ನಾಲ್ಕು ವರ್ಷ. ಹನ್ನೊಂದು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಹಿಡಿದು ಒಬ್ಬ ಬರುತ್ತಾನೆ, ಇಬ್ಬರ ಹೆಬ್ಬೆಟ್ಟನ್ನೂ ಒಂದು ಸಣ್ಣ ಯಂತ್ರದ ಮೇಲೆ ಒತ್ತಿಸಿಕೊಳ್ಳುತ್ತಾನೆ. ಸೋಫಾ ಹೊಲಿದು ಹೊಲಿದು ಮಕ್ತುಂಸಾಹೇಬರ ಹೆಬ್ಬೆಟ್ಟಿನ ಗೆರೆ ಸವೆದಿದೆ. ಯಂತ್ರ ಅವರನ್ನು ಗುರುತಿಸುವವರೆಗೆ ನಾವೆಲ್ಲ ಉಸಿರು ಹಿಡಿದು ಕೂರುತ್ತಿದ್ದೆವು. ಬಾಡಿಗೆ ಬರುತ್ತಿರಲಿಲ್ಲವಾದ್ದರಿಂದ ಬ್ಯಾಂಕಿನ ಕಂತು ಪೂರ್ತಿ ನನ್ನ ಸಂಬಳದಿಂದಲೇ. ಕ್ಯಾಂಟೀನಿನ ಹುಡುಗರು, ಸರ್, ಬಾಡಿಗೆಯೇ ಇಲ್ಲದ ರೆಂಟಲ್ ಇನ್ವೆಸ್ಟ್‌ಮೆಂಟನ್ನು ಕಂಡುಹಿಡಿದವರು ನೀವೊಬ್ಬರೇ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ವನಜ ಬೀಳ್ಕೊಡುಗೆಗಳಿಂದ ಬಂದು ಆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು. ನನಗೆ ಅಷ್ಟು ಲಾಭ ಸಾಕಾಗಿತ್ತು.

ಹೋದ ವರ್ಷ ಒಂದು ಸಂಜೆ ಮಕ್ತುಂಸಾಹೇಬರ ಫೋನು. ನಾಲಾಸೋಪಾರಾದಲ್ಲಿ ಒಂದು ಮನೆ ನೋಡಿದ್ದೇವೆ, ಮಗಳಿಗೆ ಕೆಲಸ ಸಿಕ್ಕಿದೆ, ಅವಳ ಹೆಸರೂ ಸೇರಿಸಿದರೆ ಬ್ಯಾಂಕಿನವರು ಸಾಲ ಕೊಡುತ್ತಾರಂತೆ, ಟೋಕನ್ ಕೊಟ್ಟಾಗಿದೆ. “ಮಾಲಕ್ರ, ಒಂದೂವರಿ ತಿಂಗಳದಾಗ ರೊಕ್ಕ ಬೇಕಾಗ್ತದರಿ” ಎಂದರು.

ಭಾಳ ಸಂತೋಷ ಎಂದೆ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಏಳು ಲಕ್ಷ ಗೋಡೆಗಳೊಳಗೆ ಹೋಗಿ ಕೂತಿತ್ತು. ಕಷ್ಟಪಟ್ಟು ಉಳಿಸಿದ್ದು ಮೂರು. ನನಗೆ ತಾತನ ಮುಖ ನೆನಪಾಗಲಿಲ್ಲ, ತಲೆ ತಗ್ಗಿಸಿ ನಡೆಯುವ ಅಮ್ಮ ನೆನಪಾದಳು.

ಏಜೆಂಟು ಹೊಸ ಹೆವಿ ಡಿಪಾಜಿಟ್ ಗಿರಾಕಿಯನ್ನು ಹುಡುಕಿದ. ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವ ಮಾತು ಆಗಲೇ ಎದ್ದಿದ್ದರಿಂದ ಅಷ್ಟು ಹಣ ಹಾಕಲು ಯಾರೂ ಒಪ್ಪಲಿಲ್ಲ. ತಿಂಗಳ ಬಾಡಿಗೆಗಾದರೆ ಜನ ಇದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿ ಬುದ್ಧಿ ಹೇಳಿದ. “ಸರ್, ಓನರ್ ಕೆ ಮಾಫಿಕ್ ಸೋಚೋ.” ಓನರ್ ಥರ ಯೋಚನೆ ಮಾಡಿ. ಪಾರ್ಟಿ ಸಿಗಲಿಲ್ಲ, ಸಿಕ್ಕಾಗ ಕೊಡ್ತೀನಿ ಎಂದುಬಿಡಿ, ಮೆತ್ತಗಿನ ಮನುಷ್ಯ, ನಾಲ್ಕು ತಿಂಗಳು ಕಾಯ್ತಾರೆ, ಎಲ್ಲ ಓನರೂ ಮಾಡೋದು ಇದನ್ನೇ.

ಕಾದರೆ ಅವರ ಟೋಕನ್ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಾನು ಒಂದು ಭಾನುವಾರ ಆ ಮಾತನ್ನೇ ಹೇಳಬೇಕೆಂದು ಮಲಾಡಿಗೆ ಹೋದೆ. ರೈಲಿನಲ್ಲಿ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ನೋಡಿ ಮಕ್ತುಂಸಾಹೇಬರೆ, ಮಾರ್ಕೆಟ್ಟು ಸರಿಯಿಲ್ಲ, ಹೀಗೆ. ಅವರು ನನ್ನನ್ನು ಕೂರಿಸಿ, ಒಂದು ಪ್ಲಾಸ್ಟಿಕ್ ಚೀಲದಿಂದ ಟೋಕನ್ ರಸೀದಿ ತೆಗೆದು ತೋರಿಸಿದರು. ಹೆಸರಿನಲ್ಲಿ ತಪ್ಪಿಲ್ಲವಷ್ಟೇ, ನೀವೊಮ್ಮೆ ನೋಡಿ, ಕಾಗದದ ವಿಷಯ ನಿಮಗೆ ತಿಳಿಯುತ್ತದೆ ಎಂದರು. ನಾನು ಅಕ್ಷರ ಅಕ್ಷರ ಓದಿ, ಸರಿಯಾಗಿದೆ ಎಂದೆ. ಚಾ ಕುಡಿದೆ. ಎದ್ದುಬಂದೆ. ನನ್ನ ಸಂಕೋಚ ಜೀವನದಲ್ಲಿ ನನಗೆ ಎಷ್ಟೋ ನಷ್ಟ ಮಾಡಿದೆ. ಅವತ್ತು ಅದು ನನ್ನ ಮಾನ ಉಳಿಸಿತು.

ವನಜಳಿಗೆ ಎಲ್ಲ ಹೇಳಿದೆ, ಹೇಳಬೇಕೆಂದು ಹೋಗಿದ್ದ ಮಾತನ್ನೂ ಸೇರಿಸಿ. ಅವಳು ಬಯ್ಯಲಿಲ್ಲ. “ನಿಮ್ಮ ಕಂಪನಿ ಕ್ರೆಡಿಟ್ ಸೊಸೈಟೀಲಿ ಸಾಲ ಕೊಡಲ್ವಾ?” ಎಂದಳು. ಕೊಡುತ್ತಾರೆ, ಇಬ್ಬರು ಜಾಮೀನು ಹಾಕಬೇಕು, ಹೇಗೆ ಕೇಳೋದು ಎಂದೆ. “ಬಾ ಅಂದ್ರೆ ನಾನೇ ಬಂದು ಕೇಳ್ತೀನಿ” ಎಂದಳು. ಆ ಹೆದರಿಕೆಗೆ ಮರುದಿನ ಕ್ಯಾಂಟೀನಿನಲ್ಲಿ ಬಾಯಿ ಬಿಟ್ಟೆ. ನನ್ನ ಇನ್ವೆಸ್ಟ್‌ಮೆಂಟನ್ನು ನೋಡಿ ನಗುತ್ತಿದ್ದ ಇಬ್ಬರು ಹುಡುಗರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಕೈ ಒರೆಸಿಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಮಾತ್ರ ಕೇಳಿದರು. ಎಷ್ಟು, ಏಕೆ ಎಂದು ಕೇಳಲಿಲ್ಲ. ಆ ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ. ಮಲಾಡಿನ ಮನೆಯನ್ನು ತಿಂಗಳ ಬಾಡಿಗೆಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗಂಡ ಹೆಂಡತಿಗೆ ಕೊಡುವುದೆಂದಾಯಿತು. ಆ ಬಾಡಿಗೆ ಕ್ರೆಡಿಟ್ ಸೊಸೈಟಿಯ ಕಂತಿಗೆ ಸರಿಹೋಗುತ್ತದೆ. ಅಂತೂ ಐದನೆಯ ವರ್ಷಕ್ಕೆ ನಾನು ನಿಜವಾದ ಬಾಡಿಗೆ ಕಂಡೆ.

ರಿಜಿಸ್ಟ್ರೇಷನ್ನಿಗೆ ಆರು ದಿನ ಮುಂಚೆ ಏಳು ಲಕ್ಷವೂ ಮಕ್ತುಂಸಾಹೇಬರ ಖಾತೆಗೆ ಹೋಯಿತು. ಅವರು ನೋಟುಬುಕ್ಕಿನ ಹಾಳೆಯನ್ನು ಹುಡುಕಿ ತಂದು ವಾಪಸು ಕೊಟ್ಟರು. ಬಣ್ಣ ಬಳಿಸುವ ಖರ್ಚು ಹಿಡಿದುಕೊಳ್ಳಿ ಎಂದು ಹಟ ಮಾಡಿದರು. ನಾನು ಮಾಲಕನಾಗಿದ್ದ ಅಷ್ಟೂ ದಿನದಲ್ಲಿ ಅವತ್ತು ಒಂದೇ ಸಲ ಅವರ ಮೇಲೆ ರೇಗಿದ್ದು.

ಹೊಸ ಮನೆಯ ದುವಾ ಪ್ರಾರ್ಥನೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ದಾದರಿನಲ್ಲಿ ಗಾಡಿ ಬದಲಿಸಿ, ವಿರಾರ್ ಲೋಕಲ್ಲಿನಲ್ಲಿ ಜಜ್ಜಿಹೋಗಿ, ಕೈಯಲ್ಲಿ ಹುಳಿಪುಡಿಯ ಡಬ್ಬಿ ಹಿಡಿದು ಹೋದೆವು. ನಾಲ್ಕನೆಯ ಮಹಡಿ. ಮನೆ ಸಣ್ಣದು, ಜನ ಬಹಳ. ವಿಜಾಪುರದಿಂದ ಅಣ್ಣಂದಿರು, ಭಾವಂದಿರು, ಮಾವನ ಮಕ್ಕಳು ಬಂದಿದ್ದರು. ಹೊಸ ಸುಣ್ಣದ ವಾಸನೆಯ ಮೇಲೆ ಬಿರಿಯಾನಿಯ ವಾಸನೆ. ನಮಗೆಂದು ಬೇರೆಯಾಗಿ ಉಪ್ಪಿಟ್ಟು ಮಾಡಿಸಿದ್ದರು. ಮಕ್ತುಂಸಾಹೇಬರು ಇಸ್ತ್ರಿಯ ಬಿಳಿ ಜುಬ್ಬಾ ಹಾಕಿದ್ದರು. ನಮ್ಮನ್ನು ಕಂಡವರೇ ಓಡಿಬಂದು ನನ್ನ ಕೈ ಹಿಡಿದು ನಡುಮನೆಗೆ ಕರೆದೊಯ್ದು, ಎಲ್ಲರಿಗೂ ಕೇಳುವಂತೆ ಹೇಳಿದರು.

“ಇವ್ರ ನೋಡ್ರಿ ನಮ್ಮ ಮನಿ ಮಾಲಕ್ರು.”

ಎಲ್ಲರೂ ಎದ್ದು ಸಲಾಂ ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಶೀದಾ ಅವರು ನಕ್ಕುಬಿಟ್ಟರು. “ಏನಂತೀರಿ? ಈ ಮನಿ ಮಾಲಕ್ರು ನೀವ ಅಲ್ಲೇನ್ರಿ?”

ನಗು ಒಂದು ಸುತ್ತು ಬಂದು ನಿಂತಿತು. ಮಕ್ತುಂಸಾಹೇಬರು ನಗಲಿಲ್ಲ. ಬಾಗಿಲನ್ನು ನೋಡಿದರು, ಮೇಲೆ ತಾರಸಿ ನೋಡಿದರು. ಹದಿನೆಂಟು ಮನೆಗಳಲ್ಲಿ ಬೇರೆಯವರನ್ನು ಮಾಲಕರೆ ಎಂದು ಕರೆದ ನಾಲಿಗೆಗೆ ಹೊಸ ಮಾತು ಬರಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಕೈಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ನನ್ನ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ. ಆಮೇಲೆ ಅವರು ಬಂಧುಗಳ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಪರಿಚಯ ಮಾಡಿಸಿದರು.

“ಇವ್ರು ನಮ್ಮ ಮನೀಗಿ ಬಂದಾರ.”